ಟಾಯ್ಲೆಟಿಗೆ ಕೊಟ್ಟ ಜಾಗ

...ನಗು, ನಗು. ಕುತ್ತಿಗೆ ಕೊಯ್ದು ನಗು, ಬೂಬ! ನನಗೆ ಹೇಳದೆ ಕಾಟಿಪಳ್ಳದವರೆಗೆ, ಈ ಶೆಡ್ಡಿಗೆ ಬಂದದ್ದು ಹೌದಾ ಅಲ್ಲವಾ? ಜಮಾಲುದ್ದೀನನೇ ಹೇಳಿದ. "ಸರ್ವೋತ್ತಮಣ್ಣ, ಬೂಬಣ್ಣ ಬಂದು ಟಾಯ್ಲೆಟ್ ಬದಲಾಯಿಸಿ ಹೋದರು" ಅಂತ. ಕಾರಿನ ಹಿಂದೆ ಎಳೆಯುವ ಮನೆಯಂಥ ಟ್ರೈಲರ್ ಕಟ್ಟುವವ ಅವನು. ಅದರಲ್ಲಿ ತಿರುಗುವವರು ನಾವಿಬ್ಬರು. ಕಡಲ ಬದಿಯಲ್ಲೇ ಗುಜರಾತಿನವರೆಗೆ ಅಂತ ಮಾತಾಗಿತ್ತು. ನಲವತ್ತು ವರ್ಷದ ಸ್ನೇಹ. ಒಂದು ಮಾತು ಕೇಳಲಿಕ್ಕೆ ಆಗಲಿಲ್ಲವಾ?

ಮತ್ತೆ ಆರಿಸಿದ್ದು ಎಂತದು? ಡಬ್ಬಿ! ಮಂಚದ ಅಡಿಯಿಂದ ಎಳೆಯುವುದು, ಕೂರುವುದು, ವಾಪಸ್ ದೂಡುವುದು. ಥೂ! ನಾನು ಹೇಳಿದ್ದು ಸರಿಯಾದ ಕೋಣೆ. ಬಾಗಿಲು, ಚಿಲಕ, ಕಮೋಡು. ಟ್ಯಾಂಕನ್ನು ಹೊರಗಿನಿಂದ ಎಳೆದು ಖಾಲಿ ಮಾಡಬಹುದು. ನೀನು ಮೀನಿನ ಬೋಟಿನ ಹಿಂದೆ ಹಗ್ಗ ಹಿಡಿದು ಕಡಲಿಗೇ ಕೂತವ. ನಿನಗೆ ಬಾಗಿಲು ಬೇಡ. ನನಗೆ ಬೇಕು.

ಎಂತ, ನೆಲ ನೋಡ್ತೀ? ಚಾಕ್‌ಪೀಸಿನ ಗೆರೆ ಅದು, ನೀನು ಡಬ್ಬಿ ಹೇಳುವ ಮೊದಲು ಬರೆದದ್ದು. ಕಬ್ಬಿಣ ಕೊಯ್ಯುವ ಮೊದಲು ಇಡೀ ಗಾಡಿಯನ್ನು ಅಳತೆಗೆ ಸರಿಯಾಗಿ ನೆಲದಲ್ಲಿ ಬರೆಯುತ್ತಾನೆ ಜಮಾಲುದ್ದೀನ್. ಗಿರಾಕಿ ಅದರೊಳಗೆ ಮಲಗಿ ನೋಡಬೇಕು. ನಾನು ನೋಡಿ ಆಯಿತು... ಏ! ಮಲಗಬೇಡ ಮಾರಾಯ! ಪಂಚೆ ಕೊಳೆ ಆಗ್ತದೆ... ಅದು ನನ್ನ ಮಂಚ. ನಿನ್ನದು ಆಚೆ. ಆಚೆ ಅಂದರೆ... ಹೌದು, ಈಗ ಕಾಲು ಕಮೋಡಿನ ಮೇಲೆ ಉಂಟು. ಗೆರೆ ತಪ್ಪಿರಬೇಕು.

ಹಾಗೆ ನೋಡಬೇಡ.

ತಪ್ಪಿಲ್ಲ. ನಾನೇ ಹೇಳಿದ್ದು. ಸೋಮವಾರ. ಕೋಣೆ ದೊಡ್ಡದು ಮಾಡು, ಮಂಚ ಒಂದೇ ಸಾಕು ಅಂತ. ನಿನಗೆ ಆಮೇಲೆ ಏನಾದರೂ ನೆವ ಹೇಳುವ ಅಂತ ಇದ್ದೆ.

ಬೈ. ಬೈಯುವುದೂ ಇಲ್ಲವಾ?... ಹಾಗಾದರೆ ಡಬ್ಬಿ ಯಾಕೆ ಆರಿಸಿದೆ, ಅದನ್ನಾದರೂ ಹೇಳು. ನಿನಗೆ ಬೇಕಾಗಿಯಾ? ಕಿವಿಯ ಹತ್ತಿರ ಗರ್ನಾಲು ಪಟಾಕಿ ಬಿಟ್ಟರೂ ಏಳದವ ನೀನು. ಮಂಚದಿಂದ ಕಾಲು ಇಳಿಸಿದ ಕೂಡಲೇ ಸಿಗಬೇಕು ಅಂತಲಾ... ಯಾರಿಗೆ?

...ಶಶಿಪ್ರಭಾ ಹೇಳಿದಳಾ?

ಆಣೆ ಮಾಡಿದ್ದಳು ನನ್ನ ಹೆಂಡತಿ! ಯಾರಿಗೂ ಹೇಳುವುದಿಲ್ಲ ಅಂತ! ಮನೆಯಲ್ಲಿ ಅವಳು, ಹೊರಗೆ ನೀನು. ಚೆಂದ ಉಂಟು. ...ನಿಲ್ಲುವುದಿಲ್ಲ, ಬೂಬ. ಆಪರೇಶನ್ ಆದ ಮೇಲೆ ಉಚ್ಚೆ ನಿಲ್ಲುವುದಿಲ್ಲ. ಬಾಗಿಲು ಮುಟ್ಟುವ ಮೊದಲೇ... ಡೈಪರ್ ಕಟ್ತೇನೆ, ಮಕ್ಕಳ ಹಾಗೆ. ನೀನು ಅದನ್ನು ನೋಡುವುದಕ್ಕಿಂತ ನೀನು ಬಾರದಿರುವುದೇ ವಾಸಿ ಅಂತ...

ಯಾವಾಗಿನಿಂದ ಗೊತ್ತು? ನಿನ್ನೆಯಿಂದಲಾ? ಹೋದ ತಿಂಗಳಿಂದ?... ಆಪರೇಶನಿನ ದಿನದಿಂದ?

ಒಂದು ವರ್ಷ! ಸಂಜೆ ಸಂಜೆ ಉಳ್ಳಾಲದ ಬೀಚಿನಲ್ಲಿ ಪಕ್ಕದಲ್ಲಿ ಕೂತು, ಒಂದು ವರ್ಷ ಬಾಯಿ ಬಿಡಲಿಲ್ಲ ನೀನು. ನಾನು ಎದ್ದು ಓಡಿದಾಗಲೆಲ್ಲ ತಿರುಗದೆ ಕಡಲನ್ನೇ ನೋಡುತ್ತಾ ಕೂತದ್ದು... ಅದಕ್ಕಾ?

ಬೇಡ. ಈಗ ಎಂತದೂ ಹೇಳಬೇಡ.