ಬೀಸಣಿಗೆಯ ಮೇಲೆ ಅಚ್ಚಾದ ನಗು

ವರ್ನೀಸಳ ತಲೆಗೆ ಗೆಳತಿ ಕೆಂಪು ವಸ್ತ್ರ ಕಟ್ಟುತ್ತಿದ್ದಳು. ವರ್ನೀಸ್ ಅವಳ ಎರಡೂ ಕೈಗಳನ್ನು ಹಿಡಿದು ನಿಲ್ಲಿಸಿದಳು. ಗಂಟು ಅರ್ಧಕ್ಕೇ ಉಳಿಯಿತು. ಅಡುಗೆಮನೆಯ ಗೋಡೆಯಾಚೆ ಜನ ಆಗಲೇ ಚಪ್ಪಾಳೆ ತಟ್ಟುತ್ತಿದ್ದರು.

"ಬಿಚ್ಚು ಕೋರೀನ್. ಇವತ್ತ ನಾ ಅದನ್ನ ಮಾಡೂದಿಲ್ಲ."

ಯಾವ ವರ್ನೀಸ್, ಯಾವ ಅಡುಗೆಮನೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಪ್ರಸಂಗ ಹೇಳಲು ಈ ಜಾಗದಲ್ಲಿ ನಿಂತವರು ಸಾಮಾನ್ಯವಾಗಿ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡುತ್ತಾರೆ. ಇವಳು ಶ್ರೀಮಂತಳಲ್ಲ. ಊರೂ ನಮ್ಮದಲ್ಲ. ಅಮೆರಿಕದ ದಕ್ಷಿಣದಲ್ಲಿ, ತಂಬಾಕಿನ ಕಾರ್ಖಾನೆಗಳಿರುವ ಒಂದೂರು. ಅಲ್ಲಿ ಕಪ್ಪು ಜನರದೊಂದು ಕ್ರೈಸ್ತ ಸಭೆ, ಹೆಚ್ಚುಕಡಿಮೆ ನಮ್ಮ ಸಭೆಯಷ್ಟೇ ದೊಡ್ಡದು. ಅಡುಗೆಮನೆ ಆ ದೇವಾಲಯದ ಹಿಂಬದಿಯದು. ಅಲ್ಲೂ ಸಭೆಯ ಹೆಂಗಸರನ್ನು ಅಕ್ಕ, ತಂಗಿ ಎಂದೇ ಕರೆಯುವುದು. ಅದಕ್ಕೇ ಅವರ ಮಾತನ್ನು ನಮ್ಮ ಗದಗಿನ ಮಾತಿನಲ್ಲೇ ಹೇಳುತ್ತಿದ್ದೇನೆ. ಅವರು ಕ್ಷಮಿಸಲಿ.

ವರ್ನೀಸಳ ತಾಯಿ ಬಿಳಿಯರ ಮನೆಗಳ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಮಗಳನ್ನು ಓದಿಸಿದವಳು. ಮಗಳು ಬರೆಯುವುದನ್ನು ಕಲಿತದ್ದು ಶಾಲೆಯಲ್ಲಾದರೂ, ಏನು ಬರೆಯಬೇಕು ಎಂಬುದನ್ನು ಕಲಿತದ್ದು ಇದೇ ದೇವಾಲಯದಲ್ಲಿ. ಅಲ್ಲಿ ಒಂದು ರೂಢಿ ಇದೆ. ಸೆಕೆ ಹೆಚ್ಚಾದ್ದರಿಂದ ಪ್ರತಿ ಬೆಂಚಿನ ಮೇಲೂ ಕೋಲಿಗೆ ಅಂಟಿಸಿದ ರಟ್ಟಿನ ಬೀಸಣಿಗೆಗಳನ್ನು ಇಟ್ಟಿರುತ್ತಾರೆ. ಹೆಣಕ್ಕೆ ಪೆಟ್ಟಿಗೆ, ಗಾಡಿ ಎಲ್ಲ ಒದಗಿಸುವ ಅಂಗಡಿಯವರು ತಮ್ಮ ಜಾಹೀರಾತು ಅಚ್ಚು ಹಾಕಿಸಿ ಪುಕ್ಕಟೆ ಕೊಡುತ್ತಾರೆ. ನೋಡಿ, ಬದುಕಿರುವ ತನಕ ಗಾಳಿ ಹಾಕಿಕೊಳ್ಳಿ, ಆಮೇಲೆ ನಮ್ಮಲ್ಲಿಗೇ ಬನ್ನಿ ಎಂದಂತೆ. ಹುಡುಗಿ ವರ್ನೀಸ್ ಆ ಬೀಸಣಿಗೆಯ ಖಾಲಿ ಬೆನ್ನಿನ ಮೇಲೆ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತಿದ್ದಳು. ಪಾಸ್ಟರರ ಪ್ರಸಂಗವನ್ನಲ್ಲ. ಹಿಂದಿನ ಬೆಂಚಿನ ಹೆಂಗಸರು ಪಿಸುಗುಟ್ಟುತ್ತಿದ್ದ ಮಾತುಗಳನ್ನು. ಯಾರ ಸೊಂಟ ನೋಯುತ್ತದೆ, ಯಾರ ಒಡತಿ ಹಳಸಿದ ಊಟ ಕೊಟ್ಟಳು, ಯಾರ ಗಂಡ ಮಾತು ಬಿಟ್ಟಿದ್ದಾನೆ. ಅಷ್ಟೇ ಅವಳ ಗ್ರಂಥಾಲಯ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಆ ಬೀಸಣಿಗೆಗಳನ್ನೆಲ್ಲ ಮುಂದೆ ಹರವಿಕೊಂಡು ಒಂದು ಆಟ ಬರೆದಳು. ಹೆಸರು 'ಬಟ್ಟೆ ಒಗೆಯುವವಳು'. ಒಬ್ಬಳೇ ಆಡುವ ನಾಟಕ, ಆಡಿದವಳೂ ಅವಳೇ. ತಲೆಗೆ ಕೆಂಪು ವಸ್ತ್ರ, ಸೊಂಟದ ಮೇಲೆ ಬುಟ್ಟಿ. ಬಂದ ಕೂಡಲೇ ಕಾಣದ ಒಡತಿಗೆ ಹೇಳುತ್ತಾಳೆ: ಅಮ್ಮಾವ್ರ, ನಿಮ್ಮ ಮನೀ ಗುಟ್ಟೆಲ್ಲಾ ನನ್ನ ಸಾಬೂನಿಗೆ ಗೊತ್ತೈತ್ರಿ. ಜನ ಬಿದ್ದು ಬಿದ್ದು ನಕ್ಕರು. ಕಪ್ಪು ಜನ ತಮ್ಮ ತಾಯಂದಿರನ್ನು ಕಂಡು ನಕ್ಕರು. ಬಿಳಿಯರು ತಮ್ಮನ್ನು ಬಿಟ್ಟು ಬೇರೆ ಯಾವಳೋ ಒಡತಿಯನ್ನು ಕಂಡು ನಕ್ಕರು. ಎಷ್ಟು ನಕ್ಕರೆಂದರೆ, ಆಟ ಮುಗಿಯುವ ಮೊದಲೇ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೊನೆಗೆ ಆ ಹೆಂಗಸು ಬುಟ್ಟಿ ಇಳಿಸಿ, ನಗುವುದನ್ನು ಬಿಟ್ಟು ಹೇಳುವ ಎರಡು ಪುಟ ಮಾತು ಉಳಿದಿತ್ತು. ವರ್ನೀಸ್ ಅದನ್ನು ನುಂಗಿಕೊಂಡು ತಲೆ ಬಾಗಿಸಿದಳು. ಚಿಕ್ಕ ವಯಸ್ಸು. ಚಪ್ಪಾಳೆ ಯಾರಿಗೆ ಬೇಡ? ಮುಂದಿನ ಸಲವೂ ನುಂಗಿದಳು. ಮೂರನೇ ಸಲದ ಹೊತ್ತಿಗೆ ಆ ಎರಡು ಪುಟ ಇಲ್ಲವೇ ಇಲ್ಲ ಎನ್ನುವಂತಾಯಿತು. ತಪ್ಪು ಅವಳದೂ ಇದೆ. ಅದನ್ನು ನಾನು ಮುಚ್ಚಿಡುವುದಿಲ್ಲ, ಅವಳೂ ಮುಚ್ಚಿಡಲಿಲ್ಲ.

ಆಮೇಲೆ ನಲವತ್ತೇಳು ವರ್ಷ ಬರೆದಳು. ಹನ್ನೊಂದು ಆಟ, ಎರಡು ಕಥಾಸಂಕಲನ. ರಂಗದ ಮೇಲೆ ಸೂಲಗಿತ್ತಿಯಾದಳು, ದೊಡ್ಡ ಅಂಗಡಿಯ ಲಿಫ್ಟ್ ನಡೆಸುವವಳಾದಳು, ಟೈಪಿಂಗ್ ಕಲಿಸುವ ವಿಧವೆಯಾದಳು. ಶಾಲೆಯ ವರಾಂಡದಲ್ಲಿ, ಗ್ರಂಥಾಲಯದಲ್ಲಿ, ಜೈಲಿನ ಊಟದ ಕೋಣೆಯಲ್ಲಿ ಆಡಿದಳು. ಒಮ್ಮೆ ದೊಡ್ಡ ಶಹರದ ಸಣ್ಣ ರಂಗಮಂದಿರದಲ್ಲಿ ಹನ್ನೆರಡು ಪ್ರಯೋಗಗಳಾದವು. ಪತ್ರಿಕೆಯವರು ಬಂದು ನೋಡಿ, ಈ ಹೆಂಗಸನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಿರಿ ಎಂದು ಬರೆದರು. ಬಚ್ಚಿಟ್ಟಿರಲಿಲ್ಲ. ಎಲ್ಲರ ಎದುರಿಗೇ ಇದ್ದಳು. ಆದರೆ ಎಲ್ಲಿಗೆ ಹೋದರೂ, ಏನನ್ನು ಆಡಿದರೂ, ಕೊನೆಗೆ ಯಾರಾದರೂ ಎದ್ದು ಕೇಳುತ್ತಿದ್ದರು: ಅಕ್ಕಾ, ಒಂದ್ಸಲ ಆ ಬಟ್ಟಿ ಒಗಿಯಾಕೀದು? ಆಕೆ ಕೆಂಪು ವಸ್ತ್ರವನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ತೆಗೆದು ಕಟ್ಟಿಕೊಳ್ಳುತ್ತಿದ್ದಳು. ನಗಿಸುತ್ತಿದ್ದಳು. ನಲವತ್ತೇಳು ವರ್ಷ ಒಂದೇ ನಗು. ಅದು ಎಷ್ಟು ಭಾರ ಗೊತ್ತೇ? ಬುಟ್ಟಿ ಖಾಲಿಯೇ ಇರುತ್ತದೆ. ಆದರೂ ಭಾರ.

ಆ ಶನಿವಾರದ ಮಧ್ಯಾಹ್ನ ಸಭೆಯವರು ಆಕೆಗೆ ಸನ್ಮಾನ ಇಟ್ಟುಕೊಂಡಿದ್ದರು. ಆಕೆಗೆ ಆಗ ಅರವತ್ತೊಂಬತ್ತು. ಸನ್ಮಾನಕ್ಕೆ ಒಪ್ಪಿದ್ದಕ್ಕೆ ಒಂದೇ ಕಾರಣವಿತ್ತು. ಆರು ವರ್ಷದಿಂದ ಬರೆಯುತ್ತಿದ್ದ ಹೊಸ ಆಟ ಮುಗಿದಿತ್ತು. ಮತ್ತು ಆಕೆಯ ಗಂಟಲಲ್ಲಿ ಒಂದು ಗಂಟು ಬೆಳೆದಿತ್ತು. ಬುಧವಾರ ಆಪರೇಷನ್. ಆಮೇಲೆ ಪಿಸುಮಾತು ಉಳಿದರೆ ಉಳಿಯಬಹುದು, ರಂಗದ ಮೇಲೆ ಆಡುವ ಧ್ವನಿಯ ಆಸೆ ಬಿಡಿ ಎಂದು ಡಾಕ್ಟರು ಹೇಳಿದ್ದರು. ಈಗಲೂ ಇಪ್ಪತ್ತು ನಿಮಿಷ ಮಾತಾಡಿದರೆ ಧ್ವನಿ ಕೂತುಹೋಗುತ್ತಿತ್ತು. ಹೊಸ ಆಟ ಸರಿಯಾಗಿ ಇಪ್ಪತ್ತು ನಿಮಿಷದ್ದು. ಆಕೆ ಅಳೆದೇ ಬರೆದಿದ್ದಳು.

ಲೆಕ್ಕ ನಿಮಗೆ ತಿಳಿಯಿತಲ್ಲ? ಒಂದು ಧ್ವನಿ, ಒಂದು ಮಧ್ಯಾಹ್ನ, ಒಂದು ಆಟ.

ಈಗ ಕೋರೀನ್ ಯಾರೆಂದು ಹೇಳಬೇಕು. ಕೋರೀನ್ ಅಲ್ಲಿಯ ಸ್ತ್ರೀ ಸಮಾಜದ ಅಧ್ಯಕ್ಷೆ. ವರ್ನೀಸಳ ಬಾಲ್ಯದ ಗೆಳತಿ, ಎದುರು ಮನೆಯವಳು. ಸನ್ಮಾನದ ಓಡಾಟವೆಲ್ಲ ಅವಳದೇ. ಗೆಳತಿಗೆ ಹೇಳದೆ, ಅಚ್ಚರಿಪಡಿಸಬೇಕೆಂದು, ಅವಳು ಒಂದು ಕೆಲಸ ಮಾಡಿದ್ದಳು. ವರ್ನೀಸ್ ಬೀಸಣಿಗೆಯ ಮೇಲೆ ಬರೆಯುತ್ತಿದ್ದದ್ದು ನೆನಪಿತ್ತಲ್ಲ, ಮುನ್ನೂರು ಬೀಸಣಿಗೆ ಮಾಡಿಸಿ, ಅವುಗಳ ಮೇಲೆ 'ಬಟ್ಟೆ ಒಗೆಯುವವಳು' ಇಡೀ ಅಚ್ಚು ಹಾಕಿಸಿ ಬೆಂಚುಗಳ ಮೇಲೆ ಇಡಿಸಿದ್ದಳು. ವರ್ನೀಸ್ ಆಡುವಾಗ ಸಭೆಯೆಲ್ಲ ಜೊತೆಗೂಡಿ ಹೇಳಲಿ ಎಂದು. ಇಡೀ ಎಂದೆನಲ್ಲ, ಕೊನೆಯ ಎರಡು ಪುಟ ಅದರಲ್ಲಿ ಇರಲಿಲ್ಲ. ಕೋರೀನ್ ಬೇಕೆಂದು ಬಿಟ್ಟದ್ದಲ್ಲ. ಅಂಥದ್ದೊಂದು ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಮಿಕ್ಕ ನಾಲ್ಕು ಬೀಸಣಿಗೆಗಳಿದ್ದವು. ವರ್ನೀಸ್ ಒಂದನ್ನು ತೆಗೆದುಕೊಂಡು ಓದಿದಳು. ಆಕೆಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ಶಕ್ತಿ ಬೇಕು. ಕುರ್ಚಿ ಎಳೆದುಕೊಂಡು ಕೂತಳು.

ಕೋರೀನ್ ಮೊದಲು ನಕ್ಕಳು. ಸ್ಟೇಜಿಗೆ ಹೋಗೂ ಮುಂದ ನಿನಗ ಮೊದಲಿಂದ್ಲೂ ಹಿಂಗ ಅಕ್ಕೈತಿ ಎಂದು ಸಮಾಧಾನ ಹೇಳಿದಳು. ಆಗ ವರ್ನೀಸ್ ಗಂಟಲಿನ ವಿಷಯ ಹೇಳಿದಳು. ಬುಧವಾರದ್ದನ್ನು ಹೇಳಿದಳು. ಇಪ್ಪತ್ತು ನಿಮಿಷದ್ದನ್ನೂ ಹೇಳಿದಳು. ಕೋರೀನಳ ಕಣ್ಣು ತುಂಬಿ ಬಂತು. ಗೆಳತಿಯ ಪಕ್ಕ ಮಂಡಿಯೂರಿ, ಅರ್ಧ ಕಟ್ಟಿದ ಗಂಟಿನ ಮೇಲೆ ಕೈಯಿಟ್ಟಳು. ಏನು ಹೇಳಿದಳು ಗೊತ್ತೇ? ಕೇಳಿ. ಈ ಮಾತಿನಲ್ಲಿ ಒಂದು ಚೂರೂ ಕೆಡುಕಿಲ್ಲ.

"ಹಂಗಾದ್ರ ಕಡೀ ಸಲ ನಮಗ ಅದನ್ನ ಕೇಳಿಸವಾ."

ವರ್ನೀಸ್ ಬೀಸಣಿಗೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಗೋಡೆಯಾಚೆ ಯಾರೋ ಬೀಸಣಿಗೆ ನೋಡಿಕೊಂಡು ಸಾಬೂನಿನ ಮಾತನ್ನು ಗಟ್ಟಿಯಾಗಿ ಓದಿದರು. ಉಳಿದವರು ನಕ್ಕರು. ಆಕೆ ಇಲ್ಲದೆಯೇ ಆಟ ಶುರುವಾಗಿಬಿಟ್ಟಿತ್ತು.

ಹೊಸದು ಏನೈತಿ ಅಂತ ಯಾರೂ ಕೇಳಲಿಲ್ಲಲ್ಲ ಎಂದು ಆಕೆ ಮೆಲ್ಲಗೆ ಅಂದಳು. ಕೋರೀನ್ ಕೇಳಿದಳು, ಕಣ್ಣೊರೆಸಿಕೊಳ್ಳುತ್ತ. ವರ್ನೀಸ್ ಹೇಳಿದಳು. ಕೆಲಸದಿಂದ ಮನೆಗೆ ಬಂದ ಒಬ್ಬ ಹೆಂಗಸು ಕಾರನ್ನು ಮನೆಯ ಮುಂದೆ ನಿಲ್ಲಿಸುತ್ತಾಳೆ. ಇಳಿಯುವುದಿಲ್ಲ. ಒಳಗೆ ಗಂಡ, ಅತ್ತೆ, ಮೂರು ಮಕ್ಕಳು, ಒಲೆ. ಸ್ಟೀರಿಂಗ್ ಚಕ್ರದ ಮೇಲೆ ಕೈಯಿಟ್ಟುಕೊಂಡು ಇಪ್ಪತ್ತು ನಿಮಿಷ ಸುಮ್ಮನೆ ಕೂರುತ್ತಾಳೆ. ಆ ಇಪ್ಪತ್ತು ನಿಮಿಷ ಅವಳ ತಲೆಯಲ್ಲಿ ಓಡುವುದೇ ಆಟ. ಆಮೇಲೆ ಬಾಗಿಲು ತೆಗೆದು ಒಳಗೆ ಹೋಗುತ್ತಾಳೆ.

"ಅದು ನೀನವಾ," ಅಂದಳು ವರ್ನೀಸ್. "ನಿನ್ನ ಮಕ್ಕಳು ಸಣ್ಣಾವಿದ್ದಾಗ ಹನ್ನೊಂದು ವರ್ಸ ದಿನಾ ಸಂಜಿಕ ನಮ್ಮ ಕಿಡಕ್ಯಾಗಿಂದ ನೋಡೇನಿ."

ಕೋರೀನಳ ಕೈ ವಸ್ತ್ರದಿಂದ ಜಾರಿತು. ಅವಳ ಮುಖದಲ್ಲಿ ಏನೋ ಬಂದು ಹೋಯಿತು. ಯಾರೋ ಬಾಗಿಲು ತಟ್ಟಿದ್ದಾರೆ, ತೆಗೆಯಲೋ ಬೇಡವೋ ಎನ್ನುವ ಹಾಗೆ. ತೆಗೆಯಲಿಲ್ಲ. ನಗೆಯಾಡಿಬಿಟ್ಟಳು.

"ಹುಚ್ಚಿ ಅದೀ ನೀ. ನಾ ಕಾರಿನ್ಯಾಗ ಕುಂತದ್ದನ್ನ ನೋಡಾಕ ಯಾರ ಬರ್ತಾರ? ಮಂದಿ ನಗಾಕ ಬಂದಾರ."

ಅಷ್ಟರಲ್ಲಿ ಪಾಸ್ಟರ್ ಒಳಗೆ ಬಂದರು. ಚಿಕ್ಕ ವಯಸ್ಸಿನವರು, ಸಭೆಗೆ ಬಂದು ಮೂರು ವರ್ಷವಾಗಿತ್ತು. ತಡವಾಯಿತು, ಮಂದಿ ಕಾಯುತ್ತಿದ್ದಾರೆ ಎಂದರು. ಕೋರೀನ್ ಅವರಿಗೆ ಎಲ್ಲ ಹೇಳಿದಳು. ಪಾಸ್ಟರ್ ಒಳ್ಳೆಯವರು. ಆಕೆಯ ಎದುರು ತಾವೂ ಕುರ್ಚಿ ಹಾಕಿಕೊಂಡು, ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ಒಂದು ದಾರಿ ತೋರಿಸಿದರು. ಮೊದಲು ಹಳೆಯದು. ಮಂದಿಯೆಲ್ಲ ಜೊತೆಗೆ ಹೇಳುವುದರಿಂದ ಗಂಟಲಿಗೆ ಕಷ್ಟವಾಗುವುದಿಲ್ಲ, ಅರ್ಧ ಭಾರ ಅವರೇ ಹೊರುತ್ತಾರೆ. ಆಮೇಲೆ ಧ್ವನಿ ಉಳಿದರೆ ಹೊಸದರಿಂದ ನಾಲ್ಕು ಮಾತು. ಇನ್ನೊಂದು ಸಂತೋಷದ ಸುದ್ದಿಯನ್ನು ವೇದಿಕೆಯ ಮೇಲೆ ಹೇಳಬೇಕೆಂದಿದ್ದರು, ಅಲ್ಲೇ ಹೇಳಿಬಿಟ್ಟರು. ಸ್ತ್ರೀ ಸಮಾಜದ ಹೊಸ ಹಾಲಿಗೆ ಆಕೆಯ ಹೆಸರಿಡಲು ಕಮಿಟಿ ಒಪ್ಪಿದೆ. ಬಾಗಿಲ ಮೇಲೆ ಕಲ್ಲು, ಕಲ್ಲಿನಲ್ಲಿ ಬುಟ್ಟಿ ಹೊತ್ತ ಆಕೆಯ ಚಿತ್ರ. ಪ್ರತಿ ವರ್ಷ ಇದೇ ದಿನ ಯಾರಾದರೂ ಹುಡುಗಿ ಆ ಕೆಂಪು ವಸ್ತ್ರ ಕಟ್ಟಿಕೊಂಡು ಆ ಆಟ ಆಡುತ್ತಾಳೆ.

ಇಲ್ಲಿ ಕಥೆ ನಿಲ್ಲಿಸುತ್ತೇನೆ. ಆಕೆಯನ್ನು ಆ ಕುರ್ಚಿಯ ಮೇಲೆ ಸ್ವಲ್ಪ ಹೊತ್ತು ಕೂರಲು ಬಿಡೋಣ. ದಣಿದಿದ್ದಾಳೆ.

ಈಗ ಹೇಳಿ. ಕೋರೀನ್ ಕೆಟ್ಟವಳೇ? ಅಲ್ಲ. ಪಾಸ್ಟರ್ ಕೆಟ್ಟವರೇ? ಅಲ್ಲ. ಗೋಡೆಯಾಚೆಯ ಮುನ್ನೂರು ಜನ? ಅವರೂ ಅಲ್ಲ. ಎಲ್ಲರೂ ಆಕೆಯನ್ನು ಪ್ರೀತಿಸಿದವರು. ಆದರೆ ಯಾರನ್ನು ಪ್ರೀತಿಸಿದರು? ಇಪ್ಪತ್ತೆರಡರ ಹುಡುಗಿಯನ್ನು. ಕುರ್ಚಿಯ ಮೇಲೆ ಕೂತವಳಿಗೆ ಅರವತ್ತೊಂಬತ್ತು. ಇವಳನ್ನು ಅವರಿನ್ನೂ ಭೇಟಿಯೇ ಆಗಿಲ್ಲ.

ನೀವು ಭೇಟಿಯಾಗಿದ್ದೀರಾ? ನಾನು ಅಮೆರಿಕದವಳ ಬಗ್ಗೆ ಕೇಳುತ್ತಿಲ್ಲ. ನಮ್ಮಲ್ಲಿ ಪ್ರತಿ ಮದುವೆಯಲ್ಲೂ ಅದೇ ಒಂದು ಹಾಡು ಹಾಡುವ ಟೀಚರಮ್ಮ ಇದ್ದಾರೆ. ರಿಟೈರಾಗಿ ಎಂಟು ವರ್ಷವಾಯಿತು. ಅವರಿಗೆ ಬೇರೆ ಹಾಡು ಹಾಡಬೇಕೆನಿಸುತ್ತದೆಯೋ ಎಂದು ಕೇಳಿದವರು ಯಾರು? ನಾನು ಕೇಳಿಲ್ಲ. ಹೋದ ತಿಂಗಳೂ ಅದನ್ನೇ ಹಾಡಿಸಿದೆ. ಆಸ್ಪತ್ರೆಯ ಪಾಳಿ ಮುಗಿಸಿ ಬರುವ ನರ್ಸಮ್ಮ ಮನೆಯ ಮೆಟ್ಟಿಲ ಮೇಲೆ ಚಪ್ಪಲಿ ಬಿಚ್ಚುವ ನೆಪದಲ್ಲಿ ಎಷ್ಟು ಹೊತ್ತು ಕೂರುತ್ತಾಳೆ, ಮನೆಯವರಿಗೆ ಗೊತ್ತೇ? ಸಾವಿನ ಮನೆಯಲ್ಲೂ ನಗಿಸುವ ಒಬ್ಬ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಇರುತ್ತಾನೆ. ಅವನು ಒಂದು ದಿನ ಸುಮ್ಮನೆ ಕೂತರೆ ಏನು ಹೇಳುತ್ತೀರಿ? ಏನಾತೋ, ಇವತ್ತ ಕಳಾನ ಇಲ್ಲಲ್ಲ ಎಂದು ಭುಜ ತಟ್ಟುತ್ತೀರಿ. ಅವನು ಪಾಪ, ಎದ್ದು ಇನ್ನೊಂದು ಜೋಕು ಹೇಳುತ್ತಾನೆ. ನಾವು ನಗುತ್ತೇವೆ. ಅದನ್ನೇ ಪ್ರೀತಿ ಎಂದುಕೊಂಡು ಮನೆಗೆ ಬರುತ್ತೇವೆ.

ಸನ್ಮಾನ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಶಾಲು ಹೊದಿಸಿ, ಹಾರ ಹಾಕಿ. ಆದರೆ ಈ ವಾರ ಒಂದು ಕೆಲಸ ಮಾಡಿ. ನಿಮ್ಮನ್ನು ವರ್ಷಗಟ್ಟಲೆ ನಗಿಸಿದವರು, ಉಣಿಸಿದವರು, ಹಾಡಿ ರಂಜಿಸಿದವರು ಒಬ್ಬರಿರುತ್ತಾರೆ. ಅವರ ಹತ್ತಿರ ಹೋಗಿ. ಹಳೆಯದನ್ನು ಕೇಳಬೇಡಿ. ಈಗ ಏನು ನಡೆದಿದೆ ಎಂದು ಕೇಳಿ. ಕೇಳಿ ಸುಮ್ಮನಿರಿ. ಅವರು ಹೇಳುವುದು ನಗುವ ಮಾತಲ್ಲದಿರಬಹುದು. ಅದರಲ್ಲಿ ನೀವೇ ಇರಬಹುದು, ನೀವು ಯಾರಿಗೂ ತೋರಿಸದ ನೀವು. ಆಗ ನಗೆಯಾಡಿ ತಪ್ಪಿಸಿಕೊಳ್ಳಬೇಡಿ. ಮತ್ತು ಅವರು ಮಾತು ಮುಗಿಸುವ ತನಕ ಚಪ್ಪಾಳೆ ಹೊಡೆಯಬೇಡಿ. ಇಷ್ಟೇ. ಇದು ದೊಡ್ಡ ವ್ರತವಲ್ಲ, ಉಪವಾಸವಲ್ಲ. ಆದರೂ ಕಷ್ಟ. ಮಾಡಿ ನೋಡಿ, ತಿಳಿಯುತ್ತದೆ.

ಆಕೆ ಏನಂದಳು ಎಂದು ನೀವು ಕಾಯುತ್ತಿದ್ದೀರಿ. ಪಾಸ್ಟರೂ ಕಾಯುತ್ತಿದ್ದರು. ಕೋರೀನ್ ಕೂಡ ಕಾಯುತ್ತಿದ್ದಳು. ಹೊರಗೆ ಮುನ್ನೂರು ಬಾಯಿ ಆಕೆಯ ಮಾತನ್ನು ಒಟ್ಟಿಗೆ ಹೇಳುತ್ತ ಆಕೆಯನ್ನೇ ಕರೆಯುತ್ತಿದ್ದವು. ಪಾಸ್ಟರ್ ಮತ್ತೊಮ್ಮೆ, ಇನ್ನಷ್ಟು ಮೆತ್ತಗೆ ಕೇಳಿದರು.

"ಮೊದಲ ಅದು, ಆಮ್ಯಾಲ ಇದು. ಅಷ್ಟ ರೀ ಅಮ್ಮಾರ. ಹಾಲಿನ ಬಾಗಲದ ಮ್ಯಾಲ ನಿಮ್ಮ ಹೆಸರು ಕಾಯಂ ಇರತೈತಿ."

ವರ್ನೀಸ್ ತನಗೆ ಉಳಿದಿದ್ದ ಧ್ವನಿಯಲ್ಲಿ ಬೇಕಾದಷ್ಟನ್ನೇ ಖರ್ಚು ಮಾಡಿದಳು.

"ಒಲ್ಲೆ," ಅಂದಳು.