ಮೇಷ್ಟ್ರ ಹೊಸ ಗಿಟಾರು

ಪಾರ್ಸೆಲ್ ಕಚೇರಿಯ ಸಾಲಿನಲ್ಲಿ ನನ್ನ ಹಿಂದೆ ಅಕ್ಕ ತಂಗಿಯರಿಬ್ಬರು ನಿಂತಿದ್ದರು. ಮುಂದೆ ಕೌಂಟರಿನ ಬಳಿ ಸಂಗೀತದ ಮೇಷ್ಟ್ರೊಬ್ಬರು ಸ್ಪೇನಿನಿಂದ ಬಂದ ಉದ್ದನೆಯ ಪೆಟ್ಟಿಗೆ ಬಿಚ್ಚಿಸುತ್ತಿದ್ದರು.

“ಅಕ್ಕಾ, ಅದು ನೀನು ಹೇಳಿ ಮಾಡಿಸಿದ್ದ ಫ್ಲಮೆಂಕೊ ಗಿಟಾರಲ್ವಾ?”

“ಹೂಂ. ನಂಗೆ ಕಲಿಸ್ತಿದ್ದ ಈ ಮನುಷ್ಯ, ನಾನು ಕಲಿಯೋದು ಬಿಟ್ಟೆ ಅಂತ ಗಿಟಾರು ಮಾಡೋನಿಗೆ ಸುಳ್ಳು ಬರೆದು, ನಾನು ಕಾಯ್ತಿದ್ದ ಸರದಿ ತಾನು ಹೊಡ್ಕೊಂಡ.”

“ನೀನು ಸುಮ್ನಿದ್ಯಾ?”

“ಇವನಿಗೆ ಕೊಡಲಾ ಅಂತ ಆ ಗಿಟಾರು ಮಾಡೋನು ನನ್ನನ್ನೇ ಕೇಳ್ದ. ಧಾರಾಳವಾಗಿ ಕೊಡಿ ಅಂದೆ.”

“ತಲೆ ಕೆಟ್ಟಿದ್ಯಾ ನಿಂಗೆ?”

“ಎಡಗೈಲಿ ನುಡಿಸ್ತೀನಿ ಅಂತ ಮರದ ಸ್ಕೇಲಲ್ಲಿ ನನ್ನ ಕೈಗೆ ಹೊಡೀತಿದ್ದ, ನೆನಪಿದ್ಯಾ? ಅದನ್ನ ಮಾಡಿಸಿದ್ದೇ ಎಡಗೈಗೆ.”

“ತಂತಿ ತಿರುಗಿಸಿ ಹಾಕ್ಕೋತಾನೆ ಬಿಡು.”

“ಒಳಗಿನ ಮರದ ಪಟ್ಟಿಗಳು, ಬೆರಳು ಬಡಿಯೋ ಜಾಗ, ಎಲ್ಲಾ ಉಲ್ಟಾ ಕಣೇ. ಅಂಥದ್ದೂ ಇರುತ್ತೆ ಅಂತ ಅವನ ತಲೆಗೇ ಹೋಗಿಲ್ಲ. ನಾನು ದಿನ ಕೇಳ್ಕೊಂಡು ಬಂದಿರೋದೇ ಇವನ ಫಜೀತಿನ ಕಣ್ತುಂಬ ನೋಡೋಕೆ.”

ಮೇಷ್ಟ್ರು ಗಿಟಾರನ್ನು ತೊಡೆಯ ಮೇಲಿಟ್ಟು ಮೀಟಿದರು. ತಿರುಗಿಸಿ ನೋಡಿ ಮತ್ತೆ ಮೀಟಿದರು. ಮುಖ ಹುಳ್ಳಗಾಯಿತು.

ಅಕ್ಕ ಸಾಲಿನಿಂದ ಹೊರಬಂದು ಎಡಗೈ ಎತ್ತಿದಳು.

“ಆ ಕೈಯಲ್ಲ ಮೇಷ್ಟ್ರೇ, ಈ ಕೈ! ತಪ್ಪಿದ್ರೆ ನೋಡಿ, ಸ್ಕೇಲು ತಂದಿದೀನಿ.”

ಯಾವ ಪಾರ್ಸೆಲ್ಲನ್ನೂ ಕೇಳದೆ ಇಬ್ಬರೂ ಹೊರಟುಹೋದರು.