ಅತ್ತಿಗೆಯ ಅರ

ಬಾವಿ ದಾಟಿದ ಕೂಡಲೇ ಅಣ್ಣ ನಿಂತುಬಿಟ್ಟ. ನಮ್ಮ ದೊಡ್ಡಪ್ಪನ ಮಗ ಇವನು. ನಾನು ಪಕ್ಕದಲ್ಲೇ ಇದ್ದೆ, ಹಾಗಾಗಿ ಯಾರೋ ಹೇಳಿದ ಕತೆ ಅಂದುಕೊಳ್ಳಬೇಡಿ.

ರಾತ್ರಿ ತಡವಾಗಿತ್ತು. ಬೀದಿಯ ಕೊನೆಯಲ್ಲಿ ಆ ಮುಚ್ಚಿದ ಬಾವಿ, ಅದರಾಚೆ ಅಣ್ಣನ ಮನೆ, ಮನೆ ಪಕ್ಕ ಶೆಡ್ಡು. ಶೆಡ್ಡಿನಿಂದ ಸದ್ದು ಬರುತ್ತಿತ್ತು.

ಕರ್ರ್... ಸರ್ರ್. ಕರ್ರ್... ಸರ್ರ್.

ಸ್ವಲ್ಪ ಹಿಂದಿನದು ಹೇಳಬೇಕು. ಅಣ್ಣ ಇಂಜಿನಿಯರ್. ದಿನವಿಡೀ ಕಂಪ್ಯೂಟರಿನಲ್ಲಿ ಗೆರೆ ಎಳೆಯೋ ಕೆಲಸ. ಕೈಯಾರೆ ಏನಾದರೂ ಮಾಡಬೇಕು ಅಂತ ಆಸೆಯಾಗಿ, ಶೆಡ್ಡಿನಿಂದ ಕಾರನ್ನೇ ಆಚೆ ಹಾಕಿ ವರ್ಕ್‌ಶಾಪ್ ಕಟ್ಟತೊಡಗಿದ. ಹಳೇ ಲೇತ್ ಬಂತು, ಡ್ರಿಲ್ ಬಂತು, ಮೇಜಿಗೆ ಲೋಹ ಕಚ್ಚಿ ಹಿಡಿಯೋ ವೈಸ್ ಕೂತಿತು. ಅತ್ತಿಗೆಗೆ ಅವನಿಗಿಂತ ಹೆಚ್ಚು ಹುಚ್ಚು. "ನಿಮ್ಮಣ್ಣ ಸ್ಕ್ರೀನ್ ಮೇಲೆ ಸೇತುವೆ ಕಟ್ತಾರೆ. ಶೆಡ್ಡಿನ ಬಾಗಿಲಿಗೆ ಚಿಲಕ ಮಾತ್ರ ನಾನೇ ಮಾಡ್ಬೇಕು," ಅನ್ನುತ್ತಾ ಹಿತ್ತಾಳೆ ತುಂಡನ್ನು ವೈಸಿಗೆ ಕಚ್ಚಿಸಿ, ಅರ ಹಿಡಿದು ಉಜ್ಜುತ್ತಿದ್ದರು.

ಅರದ ಹಲ್ಲು ಮುಂದಕ್ಕೆ ತಳ್ಳಿದಾಗಷ್ಟೇ ಕೊರೆಯೋದು. ಹಿಂದಕ್ಕೆ ತರುವಾಗ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಹಲ್ಲು ಬೋಳಾಗುತ್ತೆ. ಅತ್ತಿಗೆ ಎತ್ತುತ್ತಲೇ ಇರಲಿಲ್ಲ; ಮುಂದಕ್ಕೆ ಕರ್ರ್, ಹಿಂದಕ್ಕೆ ಸರ್ರ್. "ಎತ್ತೇ! ಅರ ಹಾಳಾಗುತ್ತೆ!" ಅಂತ ಅಣ್ಣ ಅಡುಗೆಮನೆಯಿಂದ ಕೂಗೋನು. ದಿನಾ ಇದೇ ಜಗಳ.

ಚಿಲಕ ಅರ್ಧ ಆಗಿತ್ತು. ಜ್ವರ ಅಂತ ಮಲಗಿದ ಅತ್ತಿಗೆ ಮತ್ತೆ ಏಳಲೇ ಇಲ್ಲ.

ಅಣ್ಣ ಅಳಲಿಲ್ಲ. ಆಫೀಸಿಗೆ ಹೋದ, ಬಂದ, ತಟ್ಟೆಗೆ ಹಾಕಿದ್ದನ್ನು ತಿಂದ. ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ತಂತಿ ಸುತ್ತಿಬಿಟ್ಟ. ಅವತ್ತು ರಾತ್ರಿ ಮನೆಗೆ ಬರೋ ದಾರಿಯಲ್ಲಿ, "ಎಲ್ಲಾ ಮಾರಿಬಿಟ್ಟೆ ಕಣೋ. ನಾಳೆ ಗಾಡಿ ಬರುತ್ತೆ," ಅಂದ. ಯಾರದೋ ಮನೆ ಸಾಮಾನಿನ ಮಾತಾಡಿದ ಹಾಗೆ.

ಆಮೇಲೆ ಈ ಸದ್ದು...

"ಕೇಳಿಸ್ತಾ?" ಅಂದ ಪಿಸುದನಿಯಲ್ಲಿ.

"ಇಲಿ ಇರ್ಬೇಕು."

"ಇಲಿ ಅರ ಹಿಡಿಯುತ್ತಾ?"

ಶೆಡ್ಡಿನ ಹತ್ತಿರ ಹೋದೆವು. ತಂತಿ ಸುತ್ತಿದ ಹಾಗೇ ಇತ್ತು. ಒಳಗೆ ಕತ್ತಲೆ. ಕರ್ರ್... ಸರ್ರ್. ನಾನು ಅಣ್ಣನ ತೋಳು ಹಿಡಿದೆಳೆದೆ.

"ಅಣ್ಣ, ಬಾ ಹೋಗೋಣ."

ಅವನು ಬಾಗಿಲಿಗೆ ಕಿವಿಯಿಟ್ಟ. ಅಭ್ಯಾಸಬಲ ನೋಡಿ... "ಎತ್ತೇ, ಹಾಳಾಗುತ್ತೆ," ಅಂದುಬಿಟ್ಟ.

ಸದ್ದು ನಿಂತಿತು.

ಜೀರುಂಡೆಯೂ ಕೂಗಲಿಲ್ಲ. ಅಣ್ಣ ಎರಡೂ ಅಂಗೈಯನ್ನು ಬಾಗಿಲಿಗೆ ಒತ್ತಿ ನಿಂತಿದ್ದ. ಆಮೇಲೆ ಮೆಲ್ಲಗೆ ಹೇಳಿದ.

"ಎತ್ತದೇ ಎಳ್ಕೋ... ಪರವಾಗಿಲ್ಲ. ಹಾಳಾದ್ರೆ ಹಾಳಾಗ್ಲಿ."

ಏನೂ ಇಲ್ಲ... ಏನೂ ಇಲ್ಲ...

ಕರ್ರ್... ಸರ್ರ್.

ಅಣ್ಣ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತ. ಆಗಲೂ ಅಳಲಿಲ್ಲ. ಬೆಳಗಾಗುವವರೆಗೆ ಸುಮ್ಮನೆ ಕೇಳುತ್ತಾ ಕೂತಿದ್ದ. ಅವನನ್ನು ಬಿಟ್ಟು ಹೋಗೋಕೆ ಮನಸ್ಸಾಗದೆ ನಾನೂ ಕೂತೆ.

ಬೆಳಿಗ್ಗೆ ಗಾಡಿ ಬಂತು, ಖಾಲಿಯಾಗೇ ವಾಪಸ್ ಹೋಯಿತು.

ಈಗ ಅಣ್ಣ ಆಗಾಗ ಹೊಸ ಅರ ತಂದು ವೈಸಿನ ಪಕ್ಕ ಇಡುತ್ತಾನೆ. ತಾನು ಮುಟ್ಟೋದಿಲ್ಲ. ಹಳೆಯವೆಲ್ಲ ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿವೆ. ಸುಳ್ಳು ಅನ್ನೋರು ಬಂದು ಬೆರಳಿಟ್ಟು ಸವರಿ ನೋಡಲಿ, ಒಂದರಲ್ಲೂ ಹಲ್ಲಿಲ್ಲ. ಚಿಲಕ ಮಾತ್ರ ಅವತ್ತು ಹೇಗಿತ್ತೋ ಹಾಗೇ, ಇನ್ನೂ ಅರ್ಧವೇ ಇದೆ.